ಪಿಕೆಯು ಇರುವ ವಯಸ್ಕರ ಎಂಆರ್‌ಐಯಲ್ಲಿ ಬಿಳಿದ್ರವ್ಯದ ಬದಲಾವಣೆ ಕಂಡರೆ ಬುದ್ಧಿಶಕ್ತಿ ಕುಂದಿದೆ ಎಂದು ಅರ್ಥವೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಹುಟ್ಟಿದ ಕೆಲವೇ ದಿನಗಳಲ್ಲಿ ಫೀನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು, ಪತ್ತೆಯಾಗಿ ಬಾಲ್ಯವಿಡೀ ಪ್ರೋಟೀನ್ ಮಿತಗೊಳಿಸಿದ ಪಥ್ಯದಲ್ಲಿದ್ದ ನೀವು 18ರ ಆಸುಪಾಸಿನಲ್ಲಿ ಅದನ್ನು ಬಿಟ್ಟಿರಿ. ಈಗ 34ನೆಯ ವಯಸ್ಸಿನಲ್ಲಿ, ತಲೆನೋವಿಗೆಂದು ಮಾಡಿಸಿದ ಎಂಆರ್‌ಐ ವರದಿಯಲ್ಲಿ ಬಿಳಿದ್ರವ್ಯದ, ಅಂದರೆ ಮಿದುಳಿನೊಳಗೆ ನರತಂತುಗಳು ಹಾದುಹೋಗುವ ಭಾಗದ, ಬದಲಾವಣೆಯ ಬಗ್ಗೆ ಒಂದು ಸಾಲು ಇದೆ, ಕೆಲಸದಲ್ಲಿ ಮನಸ್ಸೂ ನಿಲ್ಲುತ್ತಿಲ್ಲ. ಆದ್ದರಿಂದ ಮಿದುಳು ಹಾಳಾಗಿದೆಯೇ ಎಂದು ಕೇಳಿದ್ದೀರಿ. ಚಯಾಪಚಯ ರೋಗವಿರುವ ವಯಸ್ಕರ ಗಮನ, ನೆನಪು, ಯೋಚನೆಯ ವೇಗಗಳನ್ನು ಪರೀಕ್ಷಿಸುವುದೇ ನನ್ನ ಕೆಲಸವಾದ್ದರಿಂದ ಈ ಸಾಲು ಎಷ್ಟು ಜನರನ್ನು ಹೆದರಿಸುತ್ತದೆ ಎಂಬುದನ್ನು ಬಲ್ಲೆ. ಆ ಒಂದು ಸಾಲಿನಿಂದ ನಿಮ್ಮ ಬುದ್ಧಿಶಕ್ತಿಯ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಪಿಕೆಯುನಲ್ಲಿ ಯಕೃತ್ತಿನ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡದ ಕಾರಣ, ಪ್ರೋಟೀನಿನಿಂದ ಬರುವ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ಟೈರೋಸಿನ್ ಆಗಿ ಬದಲಾಗದೆ ರಕ್ತದಲ್ಲಿ ಶೇಖರವಾಗುತ್ತದೆ. ದೊಡ್ಡ ಗಾತ್ರದ ಅಮೈನೋ ಆಮ್ಲಗಳೆಲ್ಲ ಮಿದುಳನ್ನು ಸೇರಬೇಕಾದರೆ ಮುಖ್ಯವಾಗಿ ಒಂದೇ ಬಾಗಿಲನ್ನು ಹಾಯಬೇಕು. ಅಲ್ಲಿ ಫೀನೈಲ್‌ಅಲನೈನ್ ಕಿಕ್ಕಿರಿದರೆ ಡೋಪಮೈನ್ ತಯಾರಿಗೆ ಬೇಕಾದ ಟೈರೋಸಿನ್ ಮತ್ತು ಸೆರೊಟೋನಿನ್ ತಯಾರಿಗೆ ಬೇಕಾದ ಟ್ರಿಪ್ಟೊಫಾನ್ ಹೊರಗೇ ಉಳಿಯುತ್ತವೆ. ಇದು ನರಕೋಶಗಳ ನಡುವಿನ ಸಂದೇಶದ ತೊಂದರೆ. ನಿಮ್ಮ ಎಂಆರ್‌ಐಯಲ್ಲಿ ಕಂಡಿರುವುದು ಇದಲ್ಲ.

ಅಲ್ಲಿ ಕಂಡಿರುವುದು ನರತಂತುಗಳ ಮೇಲಿನ ಮಯಲಿನ್ ಹೊದಿಕೆಗೆ ಸಂಬಂಧಿಸಿದ ಬದಲಾವಣೆ. ಮಿದುಳಿನ ಹಿಂಭಾಗದಲ್ಲಿ, ದ್ರವ ತುಂಬಿದ ಕುಹರಗಳ ಸುತ್ತ ಇದು ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಚಿಕ್ಕಂದಿನಿಂದ ಚಿಕಿತ್ಸೆ ಪಡೆದವರಲ್ಲೂ ಇದು ಅಪರೂಪವೇನಲ್ಲ. ನೀರಿನ ಕಣಗಳ ಚಲನೆಯನ್ನು ಅಳೆಯುವ ಎಂಆರ್‌ಐ ವಿಧಾನದಲ್ಲಿ ಈ ಜಾಗಗಳಲ್ಲಿ ನೀರಿನ ಓಡಾಟ ಕಡಿಮೆಯಾಗಿರುವುದು ಕಾಣುತ್ತದೆ. ಮಯಲಿನ್ ಪದರಗಳ ನಡುವೆ ನೀರು ಸಿಕ್ಕಿಕೊಂಡಿದೆ ಎಂದು ಇದನ್ನು ವಿವರಿಸಲಾಗುತ್ತದೆ. ಕಟ್ಟುನಿಟ್ಟಿನ ಪಥ್ಯದಿಂದ ರಕ್ತದ ಮಟ್ಟ ಇಳಿದು ಕೆಲವು ತಿಂಗಳಾದ ಮೇಲೆ ಈ ಮಚ್ಚೆಗಳು ಕುಗ್ಗಿದ ಉದಾಹರಣೆಗಳು ದಾಖಲಾಗಿವೆ. ಸತ್ತ ಅಂಗಾಂಶವಾಗಿದ್ದರೆ ಹಾಗಾಗುತ್ತಿರಲಿಲ್ಲ. ನರಕೋಶಗಳ ಕಾಯಗಳಿರುವ ಬೂದುದ್ರವ್ಯದ ಗಾತ್ರದಲ್ಲಿಯೂ ವ್ಯತ್ಯಾಸಗಳನ್ನು ಕೆಲವು ಅಧ್ಯಯನಗಳು ವರದಿ ಮಾಡಿವೆ, ಆದರೆ ಅವು ಗುಂಪುಗಳ ಸರಾಸರಿಗಳು. ಒಬ್ಬರ ಚಿತ್ರ ನೋಡಿ ಹೇಳುವಂಥವಲ್ಲ.

ಇನ್ನು ಯೋಚನಾಶಕ್ತಿ. ಮಚ್ಚೆಗಳ ಪ್ರಮಾಣಕ್ಕೂ ಪರೀಕ್ಷೆಯ ಅಂಕಗಳಿಗೂ ಇರುವ ಸಂಬಂಧ ದುರ್ಬಲ. ವ್ಯಾಪಕ ಬದಲಾವಣೆಯಿದ್ದೂ ಚುರುಕಾಗಿರುವವರನ್ನು, ಚಿತ್ರ ಬಹುತೇಕ ಶುಭ್ರವಾಗಿದ್ದೂ ದಿನದ ಕೆಲಸ ಹೊಂದಿಸಲು ಒದ್ದಾಡುವವರನ್ನು ನಾನೇ ಪರೀಕ್ಷಿಸಿದ್ದೇನೆ. ಶೈಶವದಲ್ಲೇ ಚಿಕಿತ್ಸೆ ಆರಂಭವಾದವರ ಬುದ್ಧ್ಯಂಕ ಸಾಮಾನ್ಯವಾಗಿ ಸಹಜ ಮಿತಿಯಲ್ಲೇ ಇರುತ್ತದೆ. ಕೊರತೆ ಕಾಣುವುದು ವೇಗದಲ್ಲಿ, ದೀರ್ಘಕಾಲ ಗಮನ ಹಿಡಿದಿಡುವುದರಲ್ಲಿ, ಎರಡು ಮೂರು ವಿಷಯಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುವುದರಲ್ಲಿ. 2011ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಪ್ರಯೋಗದಲ್ಲಿ, 4 ವಾರ ಫೀನೈಲ್‌ಅಲನೈನ್ ಮಟ್ಟವನ್ನು ಏರಿಸಿದಾಗ ವಯಸ್ಕರ ಮನಃಸ್ಥಿತಿ ಮತ್ತು ನಿರಂತರ ಗಮನ ಎರಡೂ ಹದಗೆಟ್ಟವು. ಭಾಗವಹಿಸಿದವರು ಕೇವಲ 9 ಮಂದಿ ಆದ್ದರಿಂದ ಅದಕ್ಕೆ ಅತಿಯಾದ ತೂಕ ಕೊಡುವುದು ಬೇಡ. ಆದರೂ ನಿಮ್ಮ ದೂರಿಗೆ ಅದು ಹತ್ತಿರವಾಗಿದೆ.

ಹಳೆಯ ಪುಸ್ತಕಗಳಲ್ಲಿನ ತೀವ್ರ ಬುದ್ಧಿಮಾಂದ್ಯದ ವರ್ಣನೆಗಳನ್ನು ಓದಿ ಕಂಗಾಲಾಗಬೇಡಿ, ಅವು ಚಿಕಿತ್ಸೆ ಸಿಗದವರ ಕಥೆ. ಪಥ್ಯ ಬಿಟ್ಟದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಕಾಗಿಯೂ ಇಲ್ಲ. ಮಿದುಳಿನ ಬೆಳವಣಿಗೆಯ ಮುಖ್ಯ ಹಂತ ಮುಗಿದರೆ ಪಥ್ಯ ಸಾಕು ಎಂದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದರು. ಈಗಿನ ನಿಲುವು ಬೇರೆ: 2017ರ ಯುರೋಪಿಯನ್ ಮಾರ್ಗಸೂಚಿ ಚಿಕಿತ್ಸೆ ಜೀವನಪರ್ಯಂತ ಬೇಕೆಂದು ಹೇಳಿ, 12 ವರ್ಷ ದಾಟಿದವರ ರಕ್ತದ ಫೀನೈಲ್‌ಅಲನೈನ್‌ಗೆ ಲೀಟರಿಗೆ 120ರಿಂದ 600 ಮೈಕ್ರೋಮೋಲ್ ಮಿತಿಯನ್ನು ಸೂಚಿಸುತ್ತದೆ. ಗರ್ಭಧಾರಣೆಯ ಯೋಚನೆಯಿದ್ದರೆ ಗರಿಷ್ಠ ಮಿತಿ 360ಕ್ಕೆ ಇಳಿಯುತ್ತದೆ, ಅದೂ ಗರ್ಭ ನಿಲ್ಲುವ ಮೊದಲೇ.

ಹಾಗಾಗಿ ಮೊದಲು ರಕ್ತದ ಫೀನೈಲ್‌ಅಲನೈನ್ ಮಟ್ಟವನ್ನು ಒಂದೇ ಸಲವಲ್ಲ, ಕೆಲವು ವಾರ ಸತತವಾಗಿ ಅಳೆಸಿ. ಜೊತೆಗೆ ಬಿ12 ವಿಟಮಿನ್ ಪರೀಕ್ಷೆಯನ್ನೂ ಮರೆಯಬೇಡಿ: ಸಾಮಾನ್ಯ ಪ್ರೋಟೀನಿಗೆ ಬದಲಾಗಿ ಪಥ್ಯದಲ್ಲಿ ಕೊಡುವ ವಿಶೇಷ ಪ್ರೋಟೀನ್ ಪುಡಿಯನ್ನು ನಿಲ್ಲಿಸಿದರೂ ಬಾಲ್ಯದ ಅಭ್ಯಾಸದಿಂದ ಹಾಲು, ಮೊಟ್ಟೆ, ಮಾಂಸಗಳಿಂದ ದೂರವೇ ಉಳಿಯುವವರಲ್ಲಿ ಅದರ ಕೊರತೆ ಉಂಟಾಗಬಹುದು, ಆ ಕೊರತೆಯೂ ನರಗಳನ್ನು ಬಾಧಿಸುತ್ತದೆ. ಪಥ್ಯವನ್ನು ಸ್ವಂತವಾಗಿ ಪುನಃ ಆರಂಭಿಸಬೇಡಿ. ಆ ಪುಡಿಯಿಲ್ಲದೆ ಪ್ರೋಟೀನ್ ಮಾತ್ರ ಕಡಿತಗೊಳಿಸಿದರೆ ಅಪೌಷ್ಟಿಕತೆ ಬರುತ್ತದೆ. ವೇಗ ಮತ್ತು ಗಮನವನ್ನು ಅಳೆಯುವ ಪರೀಕ್ಷೆಯನ್ನು ಚಿಕಿತ್ಸೆ ಶುರುವಾಗುವ ಮುನ್ನ ಒಮ್ಮೆ, ಮಟ್ಟ ಇಳಿದು ಆರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಎಂಆರ್‌ಐಯನ್ನು ಮತ್ತೆ ತೆಗೆಸುವ ಮಾತು ಅದರ ನಂತರ ಬರಲಿ.