ಊರಿನ ಸೇವಾಸಂಸ್ಥೆಗೆ ದೊಡ್ಡ ಮೊತ್ತ ಕೊಡುವ ಮುಂಚೆ, ಆಡಳಿತ ವೆಚ್ಚ ಶೇಕಡ ಎಷ್ಟಿದ್ದರೆ ನಂಬಬಹುದು?

ಇದೇ ಲೆಕ್ಕ ಹಿಡಿದುಕೊಂಡೇ ನಾನೂ ಹೋಗಿದ್ದೆ. ತುಮಕೂರಿನ ಶಿರಾ ಗೇಟ್ ಕಡೆ ಹಳ್ಳಿ ಮಕ್ಕಳಿಗೆ ಉಚಿತ ಊಟ, ವಸತಿ ಕೊಡುತ್ತಿದ್ದ ಸಣ್ಣ ಸಂಘ. ಅಮ್ಮನ ಹೆಸರಲ್ಲಿ 2 ಲಕ್ಷದ ದತ್ತಿ ಇಡುವ ಆಸೆ. ಸಿದ್ಧಗಂಗೆಯ ದಾಸೋಹ ನೋಡುತ್ತಾ ಬೆಳೆದವರಿಗೆ ಮಕ್ಕಳ ಅನ್ನಕ್ಕೆ ಕೊಡುವುದರಲ್ಲಿ ಎರಡು ಮಾತಿಲ್ಲ. ಆಡಿಟ್ ಆದ ಲೆಕ್ಕ ಕೇಳಿದೆ, ಕೊಟ್ಟರು. ಆಡಳಿತ ವೆಚ್ಚ ತೀರಾ ಕಡಿಮೆ, ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಇದೆ, ಬ್ಯಾಂಕಿನಲ್ಲಿ 18 ಲಕ್ಷ ಠೇವಣಿ. ಚೆಕ್ ಬರೆದೆ. ಮುಂದಿನ ವರ್ಷ ದಸರಾ ರಜೆಗೆ ಊರಿಗೆ ಹೋದ ಮಕ್ಕಳನ್ನು ಅವರು ವಾಪಸ್ ಕರೆಸಿಕೊಳ್ಳಲೇ ಇಲ್ಲ. ಅಡುಗೆಮನೆ ನಡೆಸಲು ದುಡ್ಡಿರಲಿಲ್ಲ.

ನಾನು ಎಡವಿದ್ದು ಆ 18 ಲಕ್ಷದಲ್ಲಿ. ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆ ಮಾತ್ರ ಓದಿದ್ದೆ. ಅದೇ ಹಾಳೆಯ ಹೊಣೆ ಕಡೆ, ಅಂದರೆ ಸಂಘ ಯಾರಿಗೆ, ಯಾವುದಕ್ಕೆ ಬದ್ಧ ಅನ್ನುವ ಕಡೆ, ‘ಕಟ್ಟಡ ನಿಧಿ’ ಅಂತ 15 ಲಕ್ಷ ಇತ್ತು. ದಾನಿಗಳು ಹೊಸ ಕಟ್ಟಡಕ್ಕೆಂದೇ ಬರೆದುಕೊಟ್ಟ ಹಣ, ಅದರಲ್ಲಿ ಅಕ್ಕಿ ತರುವಂತಿಲ್ಲ. ಉಳಿದ 3 ಲಕ್ಷ ಇಡುಗಂಟು, ಬಡ್ಡಿಯನ್ನಷ್ಟೇ ಮುಟ್ಟಬಹುದು. ನನ್ನ 2 ಲಕ್ಷವನ್ನೂ ನಾನೇ ಇಡುಗಂಟೆಂದು ಬರೆದುಕೊಟ್ಟಿದ್ದೆ, ಹಾಗಾಗಿ ಅದರ ಅಸಲನ್ನೂ ಮಕ್ಕಳ ಊಟಕ್ಕೆ ಮುಟ್ಟುವಂತಿರಲಿಲ್ಲ. ಕೆಳಗೆ ‘ಸಂಡ್ರಿ ಕ್ರೆಡಿಟರ್ಸ್’ (ಸಂಘ ಬಾಕಿ ತೀರಿಸಬೇಕಾದವರು) ಅನ್ನುವ ಸಾಲಿನಲ್ಲಿ ದಿನಸಿ ಅಂಗಡಿಯ ಬಾಕಿ ಮೂರೂವರೆ ಲಕ್ಷ. ಪಕ್ಕದ ಅಂಕಣದಲ್ಲಿ ಹಿಂದಿನ ವರ್ಷದ ಬಾಕಿ 1 ಲಕ್ಷ. ಎಲ್ಲವೂ ಕಣ್ಣೆದುರೇ ಇತ್ತು, ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಆಡಳಿತ ವೆಚ್ಚ ಯಾಕೆ ಅಷ್ಟು ಕಡಿಮೆ ಇತ್ತು ಗೊತ್ತೇ? ಲೆಕ್ಕ ಬರೆಯುವ ಒಬ್ಬ ಗುಮಾಸ್ತರನ್ನೂ ಇಟ್ಟುಕೊಂಡಿರಲಿಲ್ಲ. ಬಾಕಿ ಬೆಳೆಯುತ್ತಿದೆ ಎಂದು ಎಚ್ಚರಿಸುವವರೇ ಅಲ್ಲಿರಲಿಲ್ಲ. ಆದ್ದರಿಂದ ಶೇಕಡಾವಾರು ಕೇಳುವುದನ್ನು ಬಿಟ್ಟುಬಿಡಿ. 80ಜಿಯನ್ನೂ ಸಂಘದ ಹಣಕಾಸಿನ ಆರೋಗ್ಯದ ಗುರುತೆಂದು ನಂಬಬೇಡಿ. ಅದು ನಿಮ್ಮ ತೆರಿಗೆಗೆ ಸಂಬಂಧಿಸಿದ್ದು. ಸಂಘ ಕೊಡುವ ದೇಣಿಗೆ ಪ್ರಮಾಣಪತ್ರ ನೀವು ಕೊಟ್ಟದ್ದಕ್ಕೆ ದಾಖಲೆ, ಅಷ್ಟೇ.

3 ವರ್ಷದ ಲೆಕ್ಕ ತರಿಸಿಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾದ ಸಂಘ ಪ್ರತಿವರ್ಷ ನೋಂದಣಾಧಿಕಾರಿಗೆ ಲೆಕ್ಕ ಸಲ್ಲಿಸಲೇಬೇಕು, ಹಾಗಾಗಿ ಪ್ರತಿ ಇಲ್ಲ ಅನ್ನುವವರಿಗೆ ಕೊಡಲೇಬೇಡಿ. ಬ್ಯಾಂಕಿನಲ್ಲಿರುವ ಹಣದಿಂದ ಕಟ್ಟಡ ನಿಧಿ, ಇಡುಗಂಟು, ಅಂಗಡಿ ಬಾಕಿ ಮೂರನ್ನೂ ಕಳೆಯಿರಿ. ಉಳಿದದ್ದು ಎಷ್ಟು ತಿಂಗಳ ಅಡುಗೆ, ಬಾಡಿಗೆ, ಸಂಬಳಕ್ಕೆ ಬರುತ್ತದೆ ನೋಡಿ. 3 ತಿಂಗಳಿಗೂ ಸಾಲದಿದ್ದರೆ ಕೈಬಿಡಿ ಅನ್ನುತ್ತಿಲ್ಲ. ಅಂಥ ಕಡೆ ದತ್ತಿ ಮಾತ್ರ ಇಡಬೇಡಿ. ತಿಂಗಳು ತಿಂಗಳು ಕೊಡಿ, ರಸೀದಿಯ ಮೇಲೆ ‘ದಿನವಹಿ ಖರ್ಚಿಗೆ’ ಅಂತ ಬರೆಸಿಕೊಳ್ಳಿ.