ವಿಸಿಟ್ ವೀಸಾ ಮುಗಿದ ಮೇಲೂ ದುಬೈನಲ್ಲಿ ಸ್ವಲ್ಪ ದಿನ ಉಳಿದು, ಆಮೇಲೆ ದಂಡ ಕಟ್ಟಿದರೆ ಆಗಲ್ವಾ?

ಎರಡನೇ ಇಂಟರ್‌ವ್ಯೂ ಬಾಕಿ ಇದೆ, ದಂಡ ದಿನಕ್ಕೆ 50 ದಿರ್ಹಾಂ ತಾನೇ, ಮೊದಲ ಸಂಬಳದಲ್ಲಿ ಕಟ್ಟಿದರಾಯಿತು ಎಂದು ಬರೆದಿದ್ದೀರಿ. ದುಬೈನ ದೇರಾದಲ್ಲಿ ಬೆಡ್‌ಸ್ಪೇಸ್‌ನಲ್ಲಿ (ಹಂಚಿಕೊಂಡ ರೂಮಿನಲ್ಲಿ ಬಾಡಿಗೆಗೆ ಸಿಗುವ ಒಂದು ಹಾಸಿಗೆ) ಮಲಗಿಕೊಂಡು ನಾನೂ ಇದೇ ಲೆಕ್ಕ ಹಾಕಿದ್ದೆ.

ನಾನು ಹೋದದ್ದು 30 ದಿನದ ವೀಸಾದಲ್ಲಿ. ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ವೀಸಾ ಪ್ರತಿಯಲ್ಲಿ ಒಂದು ಕೊನೆಯ ದಿನಾಂಕ ಇತ್ತು. ಅಲ್ಲಿಯವರೆಗೂ ಇರಬಹುದು ಅಂದುಕೊಂಡೆ. ಎಡವಿದ್ದು ಅಲ್ಲೇ. ಅದು ದೇಶದೊಳಗೆ ಕಾಲಿಡೋದಕ್ಕೆ ಇದ್ದ ಗಡುವು. ವೀಸಾ ಕೊಟ್ಟ ದಿನದಿಂದ 60 ದಿನದೊಳಗೆ ಒಳಗೆ ಬರಬೇಕು, ಅಷ್ಟೇ ಅದರ ಅರ್ಥ. ಉಳಿಯುವ 30 ದಿನ ಶುರುವಾಗೋದು ಇಮಿಗ್ರೇಷನ್ ದಾಟಿದ ದಿನದಿಂದ. ನಾನು ವೀಸಾ ಬಂದ ವಾರದಲ್ಲೇ ವಿಮಾನ ಹತ್ತಿದ್ದೆ. ಹಾಗಾಗಿ ಆ ದಿನಾಂಕಕ್ಕಿಂತ ಸುಮಾರು ಮೂರು ವಾರ ಮೊದಲೇ ನನ್ನ ಅವಧಿ ಮುಗಿದುಹೋಗಿತ್ತು, ನಾನು ಆರಾಮಾಗಿ ಸಿವಿ ಹಂಚುತ್ತಾ ಓಡಾಡುತ್ತಿದ್ದೆ. ದುಬೈನ ವೀಸಾ ಇಲಾಖೆ ಜಿಡಿಆರ್‌ಎಫ್‌ಎ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. (ನಿಮ್ಮದು ದುಬೈ ವೀಸಾ ಅಲ್ಲದಿದ್ದರೆ ಯುಎಇ ಕೇಂದ್ರ ಸರ್ಕಾರದ ವೀಸಾ ಇಲಾಖೆ ಐಸಿಪಿಯ ಸೈಟ್ ನೋಡಿ.) ರೂಮಿನವರು ಹೇಳುವ ಹತ್ತು ದಿನದ ಗ್ರೇಸ್ (ಅವಧಿ ಮುಗಿದ ಮೇಲೆ ದಂಡವಿಲ್ಲದೆ ಇರುವ ಅವಕಾಶ) ಕೂಡ ನಂಬಬೇಡಿ, ಅದನ್ನು 2023ರಲ್ಲೇ ತೆಗೆದುಹಾಕಿದ್ದಾರೆ.

ನನಗೆ ಬಿಸಿ ಮುಟ್ಟಿಸಿದ್ದು ಪೊಲೀಸರಲ್ಲ, ಏಜೆಂಟ್. ನಾವು ಹೊರಗೆ ಹೋಗದಿದ್ದರೆ ವೀಸಾ ಮಾಡಿಸಿದ ಅವರಿಗೂ ತೊಂದರೆ. ಅದಕ್ಕೇ ಅಬ್‌ಸ್ಕಾಂಡಿಂಗ್ ಕೇಸ್, ಅಂದರೆ ತಲೆಮರೆಸಿಕೊಂಡಿದ್ದಾನೆ ಎಂಬ ದೂರು, ಹಾಕುತ್ತೇನೆ ಎಂದು ಫೋನಿನಲ್ಲೇ ಗದರಿದರು. ಅದು ಬಿದ್ದರೆ ದಿನದ ದಂಡದ ಜೊತೆ ಕೇಸ್ ತೆಗೆಸೋಕೆ ಬೇರೆ ದುಡ್ಡು, ಮತ್ತೆ ಬರದ ಹಾಗೆ ಬ್ಯಾನ್ ಕೂಡ ಆಗಬಹುದು. ಅದೇ ವಾರ ಒಂದು ಕಂಪನಿಯಿಂದ ಆಫರ್ ಬಂತು. ಅಲ್ಲಿ ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಒ ನನ್ನ ವೀಸಾ ಸ್ಟೇಟಸ್ ನೋಡಿ, ಮೊದಲು ಇದನ್ನೆಲ್ಲ ಕ್ಲಿಯರ್ ಮಾಡಿಕೊಂಡು ಬನ್ನಿ ಅಂದರು. ಅಣ್ಣ ಊರಿಂದ ದುಡ್ಡು ಕಳಿಸುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಸೇರಿಯಾಗಿತ್ತು.

ಹಾಗಾಗಿ ದಂಡ ಎಷ್ಟು ಅಂತ ಕೇಳೋದೇ ಸರಿಯಲ್ಲ. ಯಾವ ಕೆಲಸಕ್ಕೋಸ್ಕರ ಉಳಿಯುತ್ತೀರೋ, ಹೀಗೆ ಅವಧಿ ಮೀರಿ ಉಳಿದಿದ್ದರಿಂದಲೇ ಆ ಕೆಲಸ ಕೈ ತಪ್ಪುತ್ತದೆ. ಇಂಟರ್‌ವ್ಯೂ ವಿಡಿಯೋದಲ್ಲಿ ಕೊಡಿ. ನನಗೆ ಆಮೇಲೆ ಶಾರ್ಜಾದಲ್ಲಿ ಕೆಲಸ ಸಿಕ್ಕಿದ್ದು ಊರಲ್ಲೇ ಕೂತು ಮಾತಾಡಿ. "ಟ್ರಯಲ್‌ಗೆ ಬಾ, ವೀಸಾ ಆಮೇಲೆ" ಅನ್ನುವವರ ಹತ್ತಿರ ಹೋಗಲೇಬೇಡಿ. ವಿಸಿಟ್ ವೀಸಾದಲ್ಲಿ ದುಡಿಸಿಕೊಂಡರೆ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಾಂ ದಂಡ ಎಂದು 2024ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ. ಹೆದರಿಕೆ ಬಂದರೆ ಅವರು ನಿಮ್ಮನ್ನು ಗುರುತೇ ಇಲ್ಲ ಅನ್ನುತ್ತಾರೆ. ಅವಧಿ ಮೀರಿ ಉಳಿದವರ ದಂಡ ಮನ್ನಾ ಮಾಡುವ ಸರ್ಕಾರದ ಕ್ಷಮಾದಾನ ಬರುತ್ತೆ ಅಂತ ಕಾಯೋರೂ ಇದ್ದಾರೆ. 2018ರಲ್ಲಿ ಬಂದಿತ್ತು, 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೂ ಇತ್ತು. ಮುಂದಿನದು ಯಾವಾಗ ಅಂತ ಯಾರಿಗೆ ಗೊತ್ತು, ಅಲ್ಲಿಯವರೆಗೆ ಬೆಡ್‌ಸ್ಪೇಸ್ ಬಾಡಿಗೆ ಕಟ್ಟುತ್ತಾ ಕೂರ್ತೀರಾ?

ನಿಮಗಿನ್ನೂ ಕೆಲವು ದಿನ ಇವೆಯಲ್ಲ, ಇವತ್ತೇ ಏಜೆಂಟ್‌ಗೆ ಫೋನ್ ಮಾಡಿ ವಿಸ್ತರಣೆಗೆ ಎಷ್ಟಾಗುತ್ತೆ ಕೇಳಿ. ಮುಗಿಯುವ ಮುಂಚೆಯೇ ಹಾಕಬೇಕು. ಜಾಸ್ತಿ ಹೇಳಿದರೆ ಮಂಗಳೂರಿಗೆ ಟಿಕೆಟ್ ದರ ನೋಡಿ.