ನಾವು ಕತ್ತರಿಸಿದ ಅರ್ಧ

ಕಳೆದ ಸಂಚಿಕೆಯಲ್ಲಿ ಹಾಕಿದ್ದ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಅವರ ‘ಮರ್ಲಿನ್ ಡಿಪ್ಟಿಕ್’ (ಹಾಲಿವುಡ್ ನಟಿ ಮರ್ಲಿನ್ ಮನ್ರೋ ಮುಖದ, ಎರಡು ಭಾಗದ ಜೋಡಿ ಚಿತ್ರ) ನೋಡಿ ತಿಪಟೂರಿನ ಓದುಗರೊಬ್ಬರು ಕೇಳಿದ್ದಾರೆ: “ಒಂದೇ ಫೋಟೊವನ್ನು ಸಾಲು ಸಾಲಾಗಿ ಒತ್ತಿದರೆ ಅದು ಪೇಂಟಿಂಗಾ? ಮೆಜೆಸ್ಟಿಕ್‌ನಲ್ಲಿ ಕಟೌಟ್ ಬರೆಯುತ್ತಿದ್ದವರು ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದರು. ಚೆಂದದ ನಟಿಯನ್ನು ಚೆಂದವಾಗಿ ತೋರಿಸಿದ್ದರಲ್ಲಿ ಏನು ದೊಡ್ಡಸ್ತಿಕೆ?”

ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಪುಟದಲ್ಲಿ ಜಾಗ ಸಾಲದೆ ಚಿತ್ರದ ಎಡಭಾಗ ಮಾತ್ರ ಹಾಕಿದ್ದೆವು. ನೀವು ನೋಡಿದ್ದು ಬಣ್ಣದ 25 ಮುಖ. ಬಲಗಡೆ ಇನ್ನೂ 25 ಇವೆ, ಬರೀ ಕಪ್ಪು ಬಿಳುಪಿನವು. ಅವನ್ನು ನೋಡದೆ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

ಒತ್ತಿದ್ದು ಅಂದಿರಲ್ಲ, ಅದೂ ನಿಜ. ಇದು ಸ್ಕ್ರೀನ್ ಪ್ರಿಂಟಿಂಗ್. ಮದುವೆ ಕಾರ್ಡಿಗೆ, ಬಟ್ಟೆ ಅಂಗಡಿಯ ಚೀಲಕ್ಕೆ ಮಾಡುತ್ತಾರಲ್ಲ, ಅದೇ ಕೆಲಸ. ಕ್ಯಾನ್ವಾಸಿನ ಮೇಲೆ ಮೊದಲು ಹಳದಿ ಕೂದಲು, ಗುಲಾಬಿ ಮುಖ, ಕಣ್ಣಿನ ಮೇಲೆ ನೀಲಿ. ಆಮೇಲೆ ಅದರ ಮೇಲೆ ಫೋಟೊವನ್ನು ಕಪ್ಪು ಶಾಯಿಯಲ್ಲಿ ಒತ್ತುವುದು. ಬಣ್ಣ ತುಟಿಯಿಂದ ಆಚೀಚೆ ಸರಿದರೂ ವಾರ್ಹಾಲ್ ತಿದ್ದಲಿಲ್ಲ. ಕೈ ಬಾರದೆ ಅಲ್ಲ. ಅದಕ್ಕೂ ಮುಂಚೆ ನ್ಯೂಯಾರ್ಕ್‌ನಲ್ಲಿ ಜಾಹೀರಾತಿಗೆ ನಾಜೂಕಾಗಿ ಚಪ್ಪಲಿ, ಶೂ ಬರೆದು ಹೆಸರು ಮಾಡಿದವರು ಅವರು.

ಇನ್ನು ನಾವು ಬಿಟ್ಟ ಬಲಭಾಗ. ಅಲ್ಲಿ ಮೇಲಿಂದ ಕೆಳಗಿಳಿಯುವ ಒಂದು ಸಾಲಿನಲ್ಲಿ ಶಾಯಿ ಜಾಸ್ತಿಯಾಗಿ ಮುಖಕ್ಕೆ ಮಸಿ ಮೆತ್ತಿದೆ. ಬಲಕ್ಕೆ ಹೋದ ಹಾಗೆ ಶಾಯಿ ಕಮ್ಮಿಯಾಗಿ, ಕೊನೆಯ ಸಾಲಿನಲ್ಲಿ ಮುಖ ಇದೆಯೋ ಇಲ್ಲವೋ ಅನ್ನುವಷ್ಟು ಮಾಸಿದೆ. ಮರ್ಲಿನ್ ಮನ್ರೋ ತೀರಿಹೋದದ್ದು 1962ರ ಆಗಸ್ಟಿನಲ್ಲಿ, 36ನೇ ವಯಸ್ಸಿಗೆ. ಚಿತ್ರವೂ ಅದೇ ವರ್ಷದ್ದು. ಆದರೆ ವಾರ್ಹಾಲ್ ಆರಿಸಿದ್ದು 1953ರ ‘ನಯಾಗರಾ’ ಸಿನಿಮಾದ ಪ್ರಚಾರಕ್ಕೆ ತೆಗೆದ ಫೋಟೊ. ಹೆಂಗಸು ಸತ್ತಿದ್ದಾಳೆ, ಪ್ರಚಾರದ ಮುಖ ಮಾತ್ರ ಹಾಗೇ ನಗುತ್ತಿದೆ. ಅಷ್ಟಕ್ಕೂ ಆ ಚಿನ್ನದ ಬಣ್ಣದ ಕೂದಲೂ ಹಾಕಿಸಿದ ಬಣ್ಣವೇ, ಹೆಸರೂ ಸಿನಿಮಾಕ್ಕಾಗಿ ಇಟ್ಟದ್ದೇ. ಹುಟ್ಟಿದಾಗ ಅವಳು ನಾರ್ಮಾ ಜೀನ್. ಹಾಗಾಗಿ ಇದು ಚೆಂದದ ನಟಿಯ ಚಿತ್ರ ಅಲ್ಲ, ಆ ಚೆಂದವನ್ನು ಮಾಡಿ ಮಾರಿದ ಬಗೆಯ ಚಿತ್ರ ಅಂತ ನನಗನಿಸುತ್ತದೆ.

ಕಟೌಟ್ ಬರೆಯುತ್ತಿದ್ದವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಸಣ್ಣ ಫೋಟೊದ ಮೇಲೆ ಚೌಕ ಗೀಚಿ, ಅದನ್ನೇ ಮೂರು ಮಹಡಿ ಎತ್ತರಕ್ಕೆ ಬೆಳೆಸುವುದು ಸುಮ್ನೆ ಮಾತಲ್ಲ. ಎಂ.ಎಫ್. ಹುಸೇನ್ ಕೂಡ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ಕೆ.ಜಿ. ರಸ್ತೆಯ ಥಿಯೇಟರುಗಳ ಮುಂದೆ ಹೀರೊ ಕೆನ್ನೆಗೆ ಗುಲಾಬಿ ಬಣ್ಣ ಬಳಿದವರಿಗೂ ಗೊತ್ತಿತ್ತು, ಆ ಕೆನ್ನೆ ಯಾರಿಗೂ ಇಲ್ಲ ಅಂತ. ಆದರೆ ಅವರ ಕೆಲಸ ಜನರನ್ನು ಒಳಗೆ ಕರೆಯುವುದು. ಮುಖವನ್ನು ಮಾಸಲು ಬಿಟ್ಟಿದ್ದರೆ ಮಾಲೀಕ ಕೂಲಿ ಕೊಡುತ್ತಿದ್ದನೇ?

ಮೂಲ ಚಿತ್ರ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದವರ ಬಳಿ ಇದೆ. ಎತ್ತರ 2 ಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಪುಟಕ್ಕೆ ಆ ಅಳತೆ ದಕ್ಕುವುದಿಲ್ಲ, ಆದರೂ ಮುಂದಿನ ಸಂಚಿಕೆಯ ನಡುವಿನ ಎರಡು ಪುಟಕ್ಕೆ ಪೂರ್ತಿ ಹಾಕುತ್ತೇವೆ. ಪಿನ್ನು ಸರಿಯಾಗಿ ಎರಡು ಭಾಗಗಳ ಮಧ್ಯೆ ಬೀಳುತ್ತದೆ, ಯಾವ ಮುಖಕ್ಕೂ ಚುಚ್ಚುವುದಿಲ್ಲ.

- ಸಂ.